ಕಾನೂನು ನೆರವಿನ ಚಿಕಿತ್ಸಾಲಯ: ಒಂದು ವಿವೇಚನೆ

ನಮ್ಮ ಕಡೆಯ ಹಳ್ಳಿಗಳಲ್ಲಿ ವ್ಯಾಜ್ಯದ ಮಾತು ಬಂದಾಗಲೆಲ್ಲ ಕಟ್ಟೆಯ ಮೇಲೆ ಕುಳಿತ ಹಿರಿಯರು ತಪ್ಪದೆ ಹೇಳುವ ಗಾದೆಯೊಂದಿದೆ: ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ.’ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಎಲ್ಲಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಇದರಲ್ಲಿ ಅನುಭವದ ಸತ್ಯವಿಲ್ಲವೆಂದು ನಾನು ಹೇಳಲಾರೆ. ಆದರೆ ಈ ಗಾದೆಯನ್ನು ಹೆಚ್ಚಾಗಿ ಯಾರು ಯಾರಿಗೆ ಹೇಳುತ್ತಾರೆಂಬುದನ್ನು ಗಮನಿಸಿದರೆ ಬೇರೊಂದು ಸಂಗತಿ ತಿಳಿಯುತ್ತದೆ. ಹೊಲ ಉಳ್ಳವನು ಹೊಲ ಕಳೆದುಕೊಂಡವನಿಗೆ ಇದನ್ನು ಹೇಳುತ್ತಾನೆ. ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಹೇಳುತ್ತಾರೆ. ಸಾಲ ಕೊಟ್ಟವನು ಸಾಲ ತೀರಿಸಿಯೂ ಪತ್ರ ಹಿಂದಕ್ಕೆ ಪಡೆಯದವನಿಗೆ ಹೇಳುತ್ತಾನೆ. ಹೀಗಿರುವಾಗ ಗಾದೆಯು ಬುದ್ಧಿವಾದವೋ, ಬಾಯಿ ಮುಚ್ಚಿಸುವ ಉಪಾಯವೋ ಎಂಬ ಸಂದೇಹ ಹುಟ್ಟುವುದು ಸಹಜ.

ಬಡವನಿಗೆ ನ್ಯಾಯಸ್ಥಾನವು ದೂರವಾಗಿರುವುದು ಮೂರು ಕಾರಣಗಳಿಂದ. ಹಣವಿಲ್ಲದಿರುವುದು ಒಂದು, ಭಾಷೆ ಮತ್ತು ಬರಹ ತಿಳಿಯದಿರುವುದು ಎರಡನೆಯದು, ತನಗೆ ಹಕ್ಕುಂಟೆಂಬುದೇ ತಿಳಿಯದಿರುವುದು ಮೂರನೆಯದು. ಮೊದಲಿನೆರಡನ್ನು ಸರ್ಕಾರವು ತಕ್ಕಮಟ್ಟಿಗೆ ನೀಗಿಸಬಹುದು. ಮೂರನೆಯದನ್ನು ನೀಗಿಸಲು ಓದಿದವರು ಓದದವರ ಬಳಿಗೆ ಹೋಗಬೇಕು. ಈ ಕೆಲಸಕ್ಕೆಂದೇ ಕಾನೂನು ವಿದ್ಯಾರ್ಥಿಗಳು ನಡೆಸುವ ನೆರವಿನ ಕೇಂದ್ರಗಳು ಹುಟ್ಟಿಕೊಂಡಿವೆ. ಅವುಗಳ ಹಿನ್ನೆಲೆ, ವ್ಯವಸ್ಥೆ, ಗುಣದೋಷಗಳನ್ನೂ, ನಮ್ಮಂತಹ ಕಲಾ ಕಾಲೇಜಿನವರು ಅದರಲ್ಲಿ ಮಾಡಬಹುದಾದ ಪಾಲನ್ನೂ ಯಥಾಶಕ್ತಿ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಚರಿತ್ರೆ. ಬ್ರಿಟಿಷರ ಕಾಲದ ೧೯೦೮ನೆಯ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಬಡವನಿಗೆ ಒಂದು ಸಣ್ಣ ಬಾಗಿಲು ಇತ್ತು. ಕೋರ್ಟು ಶುಲ್ಕ ಕಟ್ಟಲಾರದವನು ಅದರ ೩೩ನೆಯ ಆದೇಶದಂತೆ ‘ಪಾಪರ್ ದಾವೆ’ ಹೂಡಬಹುದಾಗಿತ್ತು. ‘ಅವನು ಪಾಪರ್ ಆದ’ ಎಂದು ನಮ್ಮ ಅಜ್ಜಂದಿರು ದಿವಾಳಿ ಎದ್ದವನನ್ನು ಕುರಿತು ಆಡುತ್ತಿದ್ದ ಮಾತಿನಲ್ಲಿರುವುದೂ ಇದೇ ಶಬ್ದ. ೧೯೭೬ರ ತಿದ್ದುಪಡಿಯಲ್ಲಿ ಈ ಶಬ್ದವನ್ನು ತೆಗೆದು ‘ನಿರ್ಗತಿಕ ವ್ಯಕ್ತಿ’ ಎಂಬ ಅರ್ಥದ ಶಬ್ದವನ್ನು ಹಾಕಿದರು. ಶುಲ್ಕ ಮಾಫಿಯಾದರೂ ವಕೀಲರನ್ನು ಇಡುವ ಖರ್ಚು ಉಳಿದೇ ಇರುತ್ತಿತ್ತು. ೧೯೫೮ರಲ್ಲಿ ಭಾರತದ ಕಾನೂನು ಆಯೋಗವು ತನ್ನ ಹದಿನಾಲ್ಕನೆಯ ವರದಿಯಲ್ಲಿ ಬಡವರಿಗೆ ಕಾನೂನು ನೆರವು ಕೊಡುವ ವಿಷಯವನ್ನು ಚರ್ಚಿಸಿತು. ಮುಂದೆ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ. ಎನ್. ಭಗವತಿ ಇವರಿಬ್ಬರು ಈ ವಿಚಾರವನ್ನು ಬಹುವಾಗಿ ಬೆಳೆಸಿದರು. ಸಂವಿಧಾನದ ನಲವತ್ತೆರಡನೆಯ ತಿದ್ದುಪಡಿಯ ಮೂಲಕ ೧೯೭೬ರಲ್ಲಿ ೩೯ಎ ವಿಧಿಯು ಸೇರಿತು. ಆರ್ಥಿಕ ಅಥವಾ ಇನ್ನಾವುದೇ ಅಶಕ್ತತೆಯಿಂದ ಯಾವ ಪ್ರಜೆಗೂ ನ್ಯಾಯ ತಪ್ಪಬಾರದು, ಅದಕ್ಕಾಗಿ ರಾಜ್ಯವು ಉಚಿತ ಕಾನೂನು ನೆರವನ್ನು ಒದಗಿಸಬೇಕು ಎಂಬುದು ಅದರ ಸಾರ.

ಇದು ನಿರ್ದೇಶಕ ತತ್ವ ಮಾತ್ರವಾಗಿ ಉಳಿಯಲಿಲ್ಲ. ವಿಚಾರಣೆಯಿಲ್ಲದೆ ಬಿಹಾರದ ಜೈಲುಗಳಲ್ಲಿ ವರ್ಷಾನುಗಟ್ಟಲೆ ಕೊಳೆಯುತ್ತಿದ್ದ ಬಂದಿಗಳ ವಿಷಯವು ೧೯೭೯ರಲ್ಲಿ ಹುಸೈನಾರಾ ಖಾತೂನ್ ಪ್ರಕರಣವಾಗಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಉಚಿತ ಕಾನೂನು ನೆರವು ಜೀವಿಸುವ ಹಕ್ಕಿನ ಒಂದು ಭಾಗವೇ ಆಗಿದೆಯೆಂದು ತೀರ್ಪಾಯಿತು. ೧೯೮೬ರ ಸುಖ್‌ದಾಸ್ ಪ್ರಕರಣದಲ್ಲಿ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಯಿತು: ಆರೋಪಿಯು ತಾನಾಗಿ ಕೇಳಲಿಲ್ಲವೆಂಬ ನೆಪದಿಂದ ಅವನಿಗೆ ನೆರವನ್ನು ತಪ್ಪಿಸಲಾಗದು. ತನಗೆ ಹಕ್ಕುಂಟೆಂದು ತಿಳಿಯದವನು ಕೇಳುವುದಾದರೂ ಹೇಗೆ? ಈ ಒಂದು ಪ್ರಶ್ನೆಯಲ್ಲಿ ನಮ್ಮ ವಿಷಯದ ತಿರುಳೆಲ್ಲ ಅಡಗಿದೆ.

ಇದಾದ ಬಳಿಕ ಸಂಸತ್ತು ೧೯೮೭ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯನ್ನು ಮಾಡಿತು. ಅದು ಜಾರಿಗೆ ಬಂದದ್ದು ೧೯೯೫ರ ನವೆಂಬರ್ ೯ರಂದು. ಆ ಕಾರಣದಿಂದಲೇ ಪ್ರತಿವರ್ಷ ಆ ದಿನವನ್ನು ಕಾನೂನು ಸೇವೆಗಳ ದಿನವೆಂದು ಆಚರಿಸುತ್ತಾರೆ. ಕಾಯಿದೆಯಂತೆ ದಿಲ್ಲಿಯಲ್ಲಿ ರಾಷ್ಟ್ರೀಯ ಪ್ರಾಧಿಕಾರ, ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ, ಅದರ ಕೆಳಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಹೀಗೆ ಏಣಿಯ ಮೆಟ್ಟಿಲುಗಳಂತೆ ವ್ಯವಸ್ಥೆ ಇದೆ. ತಾಲ್ಲೂಕು ಸಮಿತಿಗೆ ಅಲ್ಲಿಯ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು.

ಯಾರಿಗೆ ಈ ನೆರವು ದೊರೆಯುತ್ತದೆ? ಕಾಯಿದೆಯ ೧೨ನೆಯ ಪ್ರಕರಣವನ್ನು ನಮ್ಮ ಸಹಪಾಠಿಗಳೆಲ್ಲರೂ ಬಾಯಿಪಾಠ ಮಾಡಬೇಕೆಂದು ನನ್ನ ಅಭಿಪ್ರಾಯ. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರು, ಮಾನವ ಸಾಗಣೆಗೆ ಅಥವಾ ಬಿಟ್ಟಿ ಚಾಕರಿಗೆ ಸಿಕ್ಕವರು, ಹೆಂಗಸರು ಮತ್ತು ಮಕ್ಕಳು, ಅಂಗವಿಕಲರು, ನೆರೆ, ಬರಗಾಲ, ಭೂಕಂಪ, ಜಾತಿ ದೌರ್ಜನ್ಯ ಮುಂತಾದವುಗಳಿಂದ ನೊಂದವರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಇವರಲ್ಲದೆ ಸರ್ಕಾರ ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ವರಮಾನ ಉಳ್ಳವರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವರಮಾನದ ಮಿತಿ ಇರುವುದು ಕಡೆಯ ವರ್ಗಕ್ಕೆ ಮಾತ್ರ. ಹೆಂಗಸು ಎಂಬ ಒಂದೇ ಕಾರಣಕ್ಕೆ ಹೆಂಗಸಿಗೆ ನೆರವು ಉಂಟು. ಅವಳು ವರಮಾನದ ಪ್ರಮಾಣಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ತಿರುಗಬೇಕಾಗಿಲ್ಲ. ಇದು ತಿಳಿಯದೆ ಎಷ್ಟೋ ತಾಯಂದಿರು ‘ನಮ್ಮ ರೇಷನ್ ಕಾರ್ಡು ಸರಿ ಇಲ್ಲ, ನಮಗ್ಯಾರು ಕೊಡ್ತಾರೆ’ ಎಂದು ಮನೆಯಲ್ಲೇ ಕುಳಿತಿದ್ದಾರೆ.

ಇನ್ನು ಚಿಕಿತ್ಸಾಲಯದ ಮಾತು. ‘ಕ್ಲಿನಿಕ್’ ಎಂಬ ಶಬ್ದವನ್ನು ಕಾನೂನಿನವರು ವೈದ್ಯರಿಂದ ಎರವಲು ಪಡೆದದ್ದು. ವೈದ್ಯವಿದ್ಯಾರ್ಥಿಯು ಪುಸ್ತಕವನ್ನಷ್ಟೇ ಓದಿ ವೈದ್ಯನಾಗಲಾರ. ಹಿರಿಯ ವೈದ್ಯರ ಕಣ್ಣೆದುರಿಗೆ ರೋಗಿಯ ನಾಡಿ ಹಿಡಿದು ಕಲಿಯಬೇಕು. ಅದರಿಂದ ರೋಗಿಗೂ ಉಪಕಾರ, ವಿದ್ಯಾರ್ಥಿಗೂ ವಿದ್ಯೆ. ಕಾನೂನಿನಲ್ಲಿಯೂ ಹೀಗೇಕಾಗಬಾರದು? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕಾನೂನು ವಿದ್ಯಾರ್ಥಿಗಳು ೧೯೧೩ರಲ್ಲಿಯೇ ಬಡವರಿಗಾಗಿ ಕಾನೂನು ನೆರವಿನ ಸಂಘವೊಂದನ್ನು ಸ್ಥಾಪಿಸಿದರು. ೧೯೩೩ರಲ್ಲಿ ಜೆರೋಮ್ ಫ್ರಾಂಕ್ ಎಂಬ ನ್ಯಾಯಶಾಸ್ತ್ರಜ್ಞರು, ಕಾನೂನು ಶಾಲೆಗಳೂ ಚಿಕಿತ್ಸಾಲಯಗಳಂತೆ ಏಕೆ ನಡೆಯಬಾರದೆಂದು ಲೇಖನ ಬರೆದು ವಾದಿಸಿದರು. ನಮ್ಮ ದೇಶದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸ್ಥಾಪಕ ನಿರ್ದೇಶಕರಾದ ಎನ್. ಆರ್. ಮಾಧವ ಮೆನನ್ ಅವರು ಈ ಬಗೆಯ ಶಿಕ್ಷಣಕ್ಕಾಗಿ ಬಹುಕಾಲ ದುಡಿದರು.

ಈಗ ಇದು ಐಚ್ಛಿಕವಾಗಿ ಉಳಿದಿಲ್ಲ. ಭಾರತೀಯ ವಕೀಲರ ಪರಿಷತ್ತು ೨೦೦೮ರಲ್ಲಿ ಮಾಡಿದ ಕಾನೂನು ಶಿಕ್ಷಣದ ನಿಯಮಗಳಂತೆ ಪ್ರತಿಯೊಂದು ಕಾನೂನು ಕಾಲೇಜೂ ಹಿರಿಯ ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ಕಾನೂನು ನೆರವಿನ ಚಿಕಿತ್ಸಾಲಯವನ್ನು ಇಡತಕ್ಕದ್ದು. ಅದನ್ನು ಕಡೆಯ ವರ್ಷದ ವಿದ್ಯಾರ್ಥಿಗಳು ನಡೆಸತಕ್ಕದ್ದು. ರಾಷ್ಟ್ರೀಯ ಪ್ರಾಧಿಕಾರವು ೨೦೧೧ರಲ್ಲಿ ಮಾಡಿದ ವಿನಿಯಮಗಳಲ್ಲಿ ಹಳ್ಳಿಗಳಲ್ಲಿಯೂ ಕಾನೂನು ಕಾಲೇಜುಗಳಲ್ಲಿಯೂ ಇಂತಹ ಕೇಂದ್ರಗಳನ್ನು ನಡೆಸುವ ಬಗೆಯನ್ನು ವಿವರಿಸಿದ್ದಾರೆ. ನಮ್ಮ ಕಡೆಯ ಹುಡುಗರು ಕಾನೂನು ಓದಲು ಬಳ್ಳಾರಿಗೋ ದಾವಣಗೆರೆಗೋ ಹೋಗುವುದು ರೂಢಿ. ಬಳ್ಳಾರಿಯ ವುಂಕಿ ಸಣ್ಣರುದ್ರಪ್ಪ ಕಾನೂನು ಕಾಲೇಜು, ದಾವಣಗೆರೆಯ ರಾಜನಹಳ್ಳಿ ಲಕ್ಷ್ಮಣ ಶೆಟ್ಟಿ ಕಾನೂನು ಕಾಲೇಜು ಇವು ನಮಗೆ ಹತ್ತಿರದವು. ೨೦೦೯ರಲ್ಲಿ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು.

ಕಾನೂನು ವಿದ್ಯಾರ್ಥಿಯು ಏನನ್ನು ಮಾಡಬಲ್ಲ, ಏನನ್ನು ಮಾಡಲಾರ ಎಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ೧೯೬೧ರ ವಕೀಲರ ಕಾಯಿದೆಯಂತೆ ವಕೀಲನಾಗಿ ನೋಂದಣಿಯಾದವನು ಮಾತ್ರ ವಕೀಲಿ ಮಾಡಬಹುದು. ಆದುದರಿಂದ ವಿದ್ಯಾರ್ಥಿಯು ಕಕ್ಷಿಗಾರನ ಪರವಾಗಿ ವಕಾಲತ್ತು ಹಾಕಲಾರ. ಆದರೆ ಅವನು ಕಿವಿಗೊಟ್ಟು ಕೇಳಬಲ್ಲ, ಕಾಗದಗಳನ್ನು ಓದಿ ಹೇಳಬಲ್ಲ, ಅರ್ಜಿ ಬರೆದುಕೊಡಬಲ್ಲ, ಯಾವ ಕಚೇರಿಗೆ, ಯಾವ ಕಾಗದದೊಡನೆ, ಎಷ್ಟು ದಿನಗಳೊಳಗೆ ಹೋಗಬೇಕೆಂದು ತಿಳಿಸಬಲ್ಲ, ತಾಲ್ಲೂಕು ಸಮಿತಿಯ ವಕೀಲರ ತನಕ ಕೈಹಿಡಿದು ಕರೆದೊಯ್ಯಬಲ್ಲ. ಇವು ಸಣ್ಣ ಕೆಲಸಗಳೆಂದು ಓದಿದವರಿಗೆ ತೋರಬಹುದು. ಓದು ಬಾರದವರಿಗೆ ಇವೇ ದೊಡ್ಡ ಕೆಲಸಗಳು.

ಈ ಮಾತಿಗೆ ಪುಸ್ತಕದ ಉದಾಹರಣೆಯನ್ನು ಕೊಡಬಹುದಾಗಿತ್ತು. ಆದರೆ ನನ್ನ ಮನೆಯಲ್ಲಿಯೇ ನಡೆದದ್ದನ್ನು ಬಿಟ್ಟು ಬೇರೆಯದನ್ನು ಹೇಳಿದರೆ ವಂಚನೆ ಮಾಡಿದಂತಾಗುವುದು. ಅವ್ವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವು ನಮ್ಮೂರಿನ ಪಕ್ಕದ ಹಳ್ಳಿಯಲ್ಲಿ ನಡೆಯಿತು. ಒಂದು ದಿನ ಕಾನೂನು ಕಾಲೇಜೊಂದರ ಆರೇಳು ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರೊಂದಿಗೆ ಅಲ್ಲಿಗೆ ಬಂದು, ಶಾಲೆಯ ಪಡಸಾಲೆಯಲ್ಲಿ ಬೆಂಚು ಹಾಕಿಕೊಂಡು, ದಪ್ಪನೆಯ ರಿಜಿಸ್ಟರ್ ಒಂದನ್ನು ತೆರೆದು ಕುಳಿತರು. ಮಧ್ಯಾಹ್ನದವರೆಗೆ ಯಾರೂ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಬ್ಬ ಮುದುಕ ಪಿಂಚಣಿ ನಿಂತದ್ದನ್ನು ಕೇಳಲು ಬಂದ. ಅವನ ಹಿಂದೆ ಹತ್ತು ಜನ ಬಂದರು. ನಾನು ಊರಿಗೆ ಓಡಿಹೋಗಿ ಅವ್ವನನ್ನು ಕರೆದುಕೊಂಡು ಬಂದೆ.

ನನ್ನ ತಾತನಿಗೆ, ಎಂದರೆ ಅವ್ವನ ತಂದೆಗೆ, ನಾಲ್ಕೂವರೆ ಎಕರೆ ಬೆದ್ದಲು ಹೊಲವಿತ್ತು. ಮಕ್ಕಳು ಮೂವರು: ಅವ್ವ, ಚಿಕ್ಕಮ್ಮ, ಮಾವ. ತಾತ ತೀರಿಕೊಂಡ ಮರು ತಿಂಗಳು ಮಾವ ಒಂದು ಛಾಪಾ ಕಾಗದವನ್ನು ತಂದು, ಸಾಲ ಎತ್ತಲು ಬೇಕೆಂದು ಹೇಳಿ ಅಕ್ಕತಂಗಿಯರಿಬ್ಬರಿಂದಲೂ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಆ ಕಾಗದದಲ್ಲಿ, ‘ನಮಗೆ ಬರತಕ್ಕ ಹಿಸ್ಸೆಯನ್ನು ನಮ್ಮ ಖುಷಿಯಿಂದ ಬಿಟ್ಟುಕೊಟ್ಟಿರುತ್ತೇವೆ’ ಎಂದು ಬರೆದಿತ್ತು. ಪಹಣಿಯಲ್ಲಿ ಮಾವನ ಹೆಸರೊಂದೇ ಬಂತು. ನಮ್ಮಪ್ಪನಿಗೆ ಸ್ವಂತ ಹೊಲವಿಲ್ಲ. ನಾನು ಪಿ.ಯು.ಸಿ. ಮುಗಿಸಿದ ವರ್ಷ ಕಾಲೇಜಿನ ಖರ್ಚಿಗಾಗಿ ಅವ್ವ ತಮ್ಮನ ಬಳಿ ಸ್ವಲ್ಪ ಹಣ ಕೇಳಿದಾಗ, ‘ನಿನ್ನ ಹೆಬ್ಬೆಟ್ಟು ನನ್ನ ಕೈಯಾಗೈತಿ’ ಎಂಬ ಉತ್ತರ ಬಂದಿತ್ತು. ಅಂದಿನಿಂದ ಅವ್ವ ತನ್ನ ಬೆರಳನ್ನು ತಾನೇ ಶಪಿಸಿಕೊಳ್ಳುತ್ತಿದ್ದಳು.

ರಿಜಿಸ್ಟರ್ ಬರೆಯುತ್ತಿದ್ದ ವಿದ್ಯಾರ್ಥಿನಿಗೆ ನನಗಿಂತ ಎರಡು ಮೂರು ವರ್ಷ ಹೆಚ್ಚಿರಬಹುದು. ಅವರು ಎಲ್ಲವನ್ನೂ ಕೇಳಿ, ಒಂದೇ ಒಂದು ಪ್ರಶ್ನೆ ಹಾಕಿದರು.

‘ಅಮ್ಮಾ, ಹೆಬ್ಬೆಟ್ಟು ಒತ್ತಿದ್ದು ಮನೇಲೋ, ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲೋ?’

‘ಮನ್ಯಾಗ ಯವ್ವಾ, ಒಲಿ ಮುಂದ. ರೊಟ್ಟಿ ಬಡಿಯಾಕತ್ತಿದ್ದೆ. ಕೈ ಒರಸಿಕೊಂಡು ಒತ್ತಿದೆ.’

ವಿದ್ಯಾರ್ಥಿನಿ ತಮ್ಮ ಅಧ್ಯಾಪಕರ ಕಡೆ ನೋಡಿದರು. ಅಧ್ಯಾಪಕರು ಅವ್ವನಿಗೆ ತಿಳಿಯುವಂತೆ ನಿಧಾನವಾಗಿ ವಿವರಿಸಿದರು. ೧೯೦೮ರ ನೋಂದಣಿ ಕಾಯಿದೆಯ ೧೭ನೆಯ ಪ್ರಕರಣದಂತೆ, ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರವು ನೋಂದಣಿಯಾಗಲೇಬೇಕು; ಆಗದಿದ್ದರೆ ೪೯ನೆಯ ಪ್ರಕರಣದಂತೆ ಆ ಪತ್ರದಿಂದ ಆಸ್ತಿಯ ಹಕ್ಕು ಹೋಗುವುದಿಲ್ಲ. ಪಹಣಿಯಲ್ಲಿ ಹೆಸರಿರುವುದು ಒಂದು ಪುರಾವೆ ಮಾತ್ರ; ೧೯೬೪ರ ಭೂಕಂದಾಯ ಕಾಯಿದೆಯಂತೆ, ಅದಕ್ಕೆ ವಿರುದ್ಧವಾದುದು ರುಜುವಾತಾಗುವ ತನಕ ಅದನ್ನು ಸರಿಯೆಂದು ಭಾವಿಸಲಾಗುತ್ತದೆ, ಅಷ್ಟೆ. ಇನ್ನು ಹೆಣ್ಣುಮಕ್ಕಳ ಪಾಲಿನ ವಿಷಯ: ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ತಂದೆಯ ಸ್ವಂತ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಜನ್ಮದಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕವು ೧೯೯೪ರಲ್ಲಿ ಮಾಡಿತು; ಇಡೀ ದೇಶಕ್ಕೆ ಅದು ೨೦೦೫ರಲ್ಲಿ ಬಂತು. ೨೦೦೫ರ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂಬುದಿಲ್ಲವೆಂದು ೨೦೨೦ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿ ಸಂದೇಹವನ್ನು ನಿವಾರಿಸಿತು.

‘ಹಂಗಾದ್ರ ನನ್ನ ಬೆಳ್ಳು ಹೋಗಿಲ್ಲೇನ್ರಿ?’ ಎಂದು ಅವ್ವ ಕೇಳಿದಳು. ಹೋಗಿಲ್ಲವೆಂದು ಅಧ್ಯಾಪಕರು ಹೇಳಿದಾಗ ಅವಳು ಅಲ್ಲಿಯೇ ಅತ್ತಳು.

ಕತೆಯು ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ವಿದ್ಯಾರ್ಥಿಗಳಲ್ಲೊಬ್ಬರು ಉತ್ಸಾಹದಿಂದ, ‘ಮೂರು ತಿಂಗಳಲ್ಲಿ ಹೊಲ ನಿಮ್ಮ ಹೆಸರಿಗೆ ಬರುತ್ತದೆ, ಚಿಂತೆ ಬೇಡಿ’ ಎಂದುಬಿಟ್ಟರು. ಹಾಗಾಗಲಿಲ್ಲ. ನಾವು ತಾಲ್ಲೂಕು ಸಮಿತಿಗೆ ಅರ್ಜಿ ಕೊಟ್ಟೆವು. ಸಮಿತಿಯ ಪಟ್ಟಿಯಲ್ಲಿದ್ದ ವಕೀಲರೊಬ್ಬರು ದೊರೆತರು. ದಾವೆ ಹೂಡುವ ಮೊದಲೇ ರಾಜಿಗೆ ಯತ್ನಿಸಬಹುದೆಂದು ಮಾವನಿಗೆ ನೋಟೀಸು ಹೋಯಿತು. ಮೊದಲ ಎರಡು ಸಲ ಮಾವ ಬರಲಿಲ್ಲ. ಅಷ್ಟರಲ್ಲಿ ಆ ಕಾನೂನು ವಿದ್ಯಾರ್ಥಿಗಳು ಕಡೆಯ ವರ್ಷದ ಪರೀಕ್ಷೆ ಮುಗಿಸಿ ಊರೂರಿಗೆ ಚದುರಿದರು. ಹೊಸದಾಗಿ ಬಂದವರಿಗೆ ನಮ್ಮ ವಿಷಯವೇ ತಿಳಿದಿರಲಿಲ್ಲ. ಮೂರನೆಯ ಸಲ ಮಾವ ಬಂದ. ‘ಅಕ್ಕಾ, ತವರುಮನೀನ ಕೋರ್ಟಿಗೆ ತಂದೆಲ್ಲ’ ಎಂದ ಅವನ ಮಾತಿಗೆ ಅವ್ವ ಉತ್ತರ ಕೊಡಲಿಲ್ಲ. ಕಡೆಗೆ ಲೋಕ ಅದಾಲತಿನಲ್ಲಿ ರಾಜಿಯಾಯಿತು. ಕಾಯಿದೆಯಂತೆ ಒಂದೂವರೆ ಎಕರೆ ಬರಬೇಕಾಗಿದ್ದರೂ ಅವ್ವ ಒಂದು ಎಕರೆಗೆ ಒಪ್ಪಿಕೊಂಡಳು. ಚಿಕ್ಕಮ್ಮ ತನಗೆ ಹೊಲ ಬೇಡವೆಂದಳು. ಲೋಕ ಅದಾಲತಿನ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆಯುಂಟು. ಅದರ ಮೇಲೆ ಅಪೀಲಿಲ್ಲ. ಹದಿನಾಲ್ಕು ತಿಂಗಳಾದ ಮೇಲೆ ಪಹಣಿಯಲ್ಲಿ ಅವ್ವನ ಹೆಸರು ಬಂತು. ಅದನ್ನು ನಾನು ಓದಿ ಹೇಳಿದಾಗ ಅವಳು ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

ಆ ವರ್ಷ ನಾಗರಪಂಚಮಿಗೆ ಅವ್ವನನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ನನಗೆ ನೆನಪಿರುವಂತೆ ಮಾವ ಬಾರದ ಪಂಚಮಿ ಅದೊಂದೇ. ಅವ್ವ ಉಂಡಿ ಕಟ್ಟಿ, ಒಂದು ಡಬ್ಬಿಯಲ್ಲಿ ತುಂಬಿ, ತಮ್ಮನ ಮಕ್ಕಳಿಗೆಂದು ನನ್ನ ಕೈಯಲ್ಲಿ ಕೊಟ್ಟು ಕಳುಹಿಸಿದಳು. ಅತ್ತೆ ಡಬ್ಬಿಯನ್ನು ಇಸಿದುಕೊಂಡರು. ಮಾವ ಹೊರಗೆ ಬರಲಿಲ್ಲ.

ಸಹಪಾಠಿಗಳೇ, ಈ ವಿಷಯದಲ್ಲಿ ನಾನು ಬಹಳ ಯೋಚಿಸಿದ್ದೇನೆ. ಹೆಣ್ಣುಮಗಳೊಬ್ಬಳು ಪಾಲು ಕೇಳದಿರುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ತವರು ತಪ್ಪುವುದೆಂಬ ಭಯವೂ ಕಾರಣ. ಕಾನೂನು ಅಜ್ಞಾನವನ್ನು ನೀಗಿಸೀತು, ಭಯವನ್ನು ನೀಗಿಸಲಾರದು. ಹಾಗಾದರೆ ಅವ್ವನನ್ನು ನಾನು ಆ ಪಡಸಾಲೆಗೆ ಕರೆತಂದದ್ದು ತಪ್ಪಾಯಿತೇ? ಈ ಪ್ರಶ್ನೆಯನ್ನು ನಾನು ಅವಳನ್ನೇ ಕೇಳಿದೆ. ‘ಪಂಚಮಿ ವರ್ಷಾ ಬರತೈತಿ, ಇವತ್ತಿಲ್ಲ ನಾಳೆ ಕರದಾನು. ಅವ ಅವತ್ತ ನನ್ನ ಕೇಳಿದ್ರ ನಾನ ಬಿಟ್ಟುಕೊಡ್ತಿದ್ದೆ. ಕೇಳದ ಕಸಗೊಂಡಿದ್ದು ಸರಿ ಅಲ್ಲ’ ಎಂದಳು. ತಿಳಿದು ಬಿಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ. ಚಿಕ್ಕಮ್ಮನೂ ತನ್ನ ಪಾಲನ್ನು ಬಿಟ್ಟಳು. ಆದರೆ ಈ ಸಲ ಕಾಗದದಲ್ಲಿ ಏನಿದೆಯೆಂದು ಓದಿಸಿಕೊಂಡು, ನ್ಯಾಯಾಧೀಶರ ಎದುರಿಗೆ ಬಾಯಿಬಿಟ್ಟು ಹೇಳಿ ಬಿಟ್ಟಳು. ಕಾನೂನು ನೆರವಿನ ಕೇಂದ್ರವು ಮಾಡತಕ್ಕ ಮುಖ್ಯ ಕೆಲಸ ಇಷ್ಟೇ ಎಂದು ನನಗೆ ತೋರುತ್ತದೆ.

ನಮ್ಮ ಸೀಮೆಯಲ್ಲಿ ಇಂತಹ ಕೇಂದ್ರಗಳಿಗೆ ಕೆಲಸವು ಕಡಿಮೆಯಿಲ್ಲ. ಮೊದಲನೆಯದು ಕಾಗದಪತ್ರಗಳ ತೊಡಕು. ಈ ಪ್ರದೇಶವು ೧೯೫೩ರ ಅಕ್ಟೋಬರ್ ೧ರವರೆಗೆ ಮದ್ರಾಸಿಗೆ ಸೇರಿತ್ತು. ಅಂದು ಮೈಸೂರು ರಾಜ್ಯಕ್ಕೆ ಬಂತು. ಹರಪನಹಳ್ಳಿಯಂತೂ ೧೯೯೭ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಗಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿಯ ಮುದುಕನೊಬ್ಬನು ಊರು ಬಿಟ್ಟು ಕದಲದೆಯೇ ಇಷ್ಟು ಆಡಳಿತಗಳನ್ನು ಕಂಡಿದ್ದಾನೆ. ಅವನ ಹಳೆಯ ಪತ್ರದ ನಕಲನ್ನು ಯಾವ ಊರಿನ ಯಾವ ಕಚೇರಿಯಲ್ಲಿ ಕೇಳಬೇಕೆಂಬುದೇ ಒಂದು ವಿದ್ಯೆ.

ಎರಡನೆಯದು ಮಂಜೂರಾತಿ ಜಮೀನುಗಳ ವಿಷಯ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವುದನ್ನು ೧೯೭೮ರ ಕಾಯಿದೆಯು ನಿಷೇಧಿಸಿದೆ. ತಡವಾಗಿ ಬಂದಿರಿ ಎಂಬ ಕಾರಣಕ್ಕೆ ಇಂತಹ ಅರ್ಜಿಗಳು ಬಿದ್ದುಹೋಗತೊಡಗಿದಾಗ, ಕಾಲಮಿತಿಯ ಅಡ್ಡಿಯನ್ನು ತೆಗೆಯಲು ೨೦೨೩ರಲ್ಲಿ ತಿದ್ದುಪಡಿಯಾಯಿತು. ಇದನ್ನು ತಿಳಿದವರು ನಮ್ಮ ಕೇರಿಗಳಲ್ಲಿ ಎಷ್ಟು ಮಂದಿ ಇದ್ದಾರು? ಮೂರನೆಯದು ಕೈಸಾಲ. ಬರೀ ಸಹಿ ಹಾಕಿದ ಚೆಕ್ಕನ್ನು ಸಾಲಕ್ಕೆ ಒತ್ತೆಯಿಡುವ ಪದ್ಧತಿ ಬೆಳೆದಿದೆ. ಚೆಕ್ಕು ತಿರಸ್ಕೃತವಾಗಿ ನೋಟೀಸು ಬಂದರೆ, ಅದು ಕೈಸೇರಿದ ಹದಿನೈದು ದಿನಗಳಲ್ಲಿ ಹಣ ಕೊಡದಿದ್ದರೆ ಕ್ರಿಮಿನಲ್ ಮೊಕದ್ದಮೆಗೆ ದಾರಿಯಾಗುತ್ತದೆ. ನೋಟೀಸನ್ನು ಗೂಡಿನಲ್ಲಿಟ್ಟು ಸುಮ್ಮನಾಗುವವರಿಗೆ ಆ ಹದಿನೈದು ದಿನಗಳ ಬೆಲೆ ತಿಳಿದಿರುವುದಿಲ್ಲ.

ನಾಲ್ಕನೆಯದನ್ನು ಹೇಳಲು ಸಂಕೋಚಪಡಬಾರದು. ದೇವದಾಸಿ ಪದ್ಧತಿಯ ಗಾಯ ನಮ್ಮ ಸೀಮೆಯಲ್ಲಿ ಇನ್ನೂ ಪೂರ್ತಿ ಮಾಯ್ದಿಲ್ಲ. ಬಳ್ಳಾರಿಯು ಮದ್ರಾಸಿನಲ್ಲಿದ್ದಾಗಲೇ, ೧೯೪೭ರಲ್ಲಿ, ಮದ್ರಾಸ್ ಸರ್ಕಾರವು ಮುತ್ತು ಕಟ್ಟುವುದನ್ನು ನಿಷೇಧಿಸಿತ್ತು. ಕರ್ನಾಟಕವು ೧೯೮೨ರಲ್ಲಿ ಬೇರೊಂದು ಕಾಯಿದೆಯನ್ನು ಮಾಡಿತು. ಆದರೆ ಆ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಅಂಕಣದ ಮುಂದೆ ತಲೆ ತಗ್ಗಿಸಿ ನಿಲ್ಲುವುದನ್ನು ಅವೆರಡೂ ತಪ್ಪಿಸಲಿಲ್ಲ. ೨೦೧೮ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಹೊಸ ಮಸೂದೆಯೊಂದರ ಕರಡು ತಯಾರಾಯಿತು. ಆ ಮಕ್ಕಳ ಗುರುತು ಮತ್ತು ಆಸ್ತಿಯ ಹಕ್ಕುಗಳನ್ನು ಒಳಗೊಂಡ ಮಸೂದೆಯನ್ನು ೨೦೨೫ರಲ್ಲಿ ರಾಜ್ಯದ ವಿಧಾನಮಂಡಲವು ಅಂಗೀಕರಿಸಿತು. ಕಾನೂನು ಕಲಿಸುವ ಸಂಸ್ಥೆಯೊಂದು ತನ್ನ ಗೋಡೆಯಾಚೆಯ ಜನರ ಅಳಲನ್ನು ಕಾಯಿದೆಯ ಭಾಷೆಗೆ ತರುವುದರಲ್ಲಿ ನೆರವಾಗಬಲ್ಲದೆಂಬುದಕ್ಕೆ ಇದು ನಿದರ್ಶನ. ಆದರೆ ಕಾಯಿದೆಯು ಬೆಂಗಳೂರಿನಲ್ಲಿ ಹುಟ್ಟಿದ ಮಾತ್ರಕ್ಕೆ ಕೂಡ್ಲಿಗಿಯ ಹಳ್ಳಿಗೆ ತಾನಾಗಿ ನಡೆದು ಬರುವುದಿಲ್ಲ. ಯಾರಾದರೂ ಅದನ್ನು ಹೊತ್ತು ತರಬೇಕು.

ಈಗ ದೋಷಗಳನ್ನು ಹೇಳುತ್ತೇನೆ. ಉಪಕಾರ ಪಡೆದವರ ಮನೆಯಿಂದ ಬಂದವನೆಂಬ ಸಲಿಗೆಯಿಂದ ಹೇಳುತ್ತಿದ್ದೇನೆಯೇ ಹೊರತು ದೂರುವುದಕ್ಕಲ್ಲ. ಮೊದಲನೆಯದಾಗಿ, ವಿದ್ಯಾರ್ಥಿಗಳು ವರ್ಷವರ್ಷಕ್ಕೂ ಬದಲಾಗುತ್ತಾರೆ, ಬಡವನ ವ್ಯಾಜ್ಯ ಮಾತ್ರ ಬದಲಾಗದೆ ನಿಂತಿರುತ್ತದೆ. ಹೋಗುವವರು ಬರುವವರಿಗೆ ರಿಜಿಸ್ಟರನ್ನು ಒಪ್ಪಿಸಿ, ಒಂದೊಂದು ಪ್ರಕರಣವನ್ನೂ ವಿವರಿಸಿ ಹೋಗಬೇಕು. ಎರಡನೆಯದಾಗಿ, ಯಾವ ವಿದ್ಯಾರ್ಥಿಯೂ ದಿನದ ಭರವಸೆ ಕೊಡಬಾರದು. ಮೂರು ತಿಂಗಳೆಂದು ನಂಬಿದವನಿಗೆ ನಾಲ್ಕನೆಯ ತಿಂಗಳು ನಾಲ್ಕು ವರ್ಷವಾಗುತ್ತದೆ. ಮೂರನೆಯದಾಗಿ, ಪಡಸಾಲೆಯಲ್ಲಿ ಹತ್ತು ಜನರ ಎದುರಿಗೆ ಮನೆಯ ಗುಟ್ಟನ್ನು ಹೇಳಬೇಕಾಗುವುದು ಹೆಂಗಸರಿಗೆ ಕಷ್ಟ. ಒಂದು ಮರೆಯ ಸ್ಥಳ ಬೇಕು. ನಾಲ್ಕನೆಯದಾಗಿ, ವರ್ಷಕ್ಕೊಂದು ಶಿಬಿರ ಮಾಡಿ ಭಾವಚಿತ್ರ ತೆಗೆಸಿಕೊಂಡು ಹೋಗುವುದು ಚಿಕಿತ್ಸಾಲಯವಲ್ಲ, ಜಾತ್ರೆ. ಕೊಟ್ಟೂರಿನ ತೇರೂ ಮೈಲಾರದ ಕಾರಣಿಕವೂ ವರ್ಷಕ್ಕೊಮ್ಮೆ ನಡೆದರೆ ಸಾಕು, ನ್ಯಾಯವು ಹಾಗಲ್ಲ.

ಕಡೆಯದಾಗಿ, ನಮ್ಮ ಕಾಲೇಜಿನ ಮುಂದೆ ಒಂದು ಸಲಹೆಯನ್ನಿಡುತ್ತೇನೆ. ನಾವು ಕಾನೂನು ವಿದ್ಯಾರ್ಥಿಗಳಲ್ಲ, ನಿಜ. ಆದರೆ ರಾಷ್ಟ್ರೀಯ ಪ್ರಾಧಿಕಾರದ ಯೋಜನೆಯಲ್ಲಿ ‘ಅರೆ ಕಾನೂನು ಸ್ವಯಂಸೇವಕರು’ ಎಂಬ ವರ್ಗವೊಂದಿದೆ. ಅವರಿಗೆ ಕಾನೂನು ಪದವಿ ಬೇಡ; ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ವಿದ್ಯಾರ್ಥಿಗಳು, ಸ್ತ್ರೀಸಂಘದವರು ಯಾರು ಬೇಕಾದರೂ ತರಬೇತಿ ಪಡೆದು ಸೇರಬಹುದು. ಅವರು ಹಳ್ಳಿಗೂ ತಾಲ್ಲೂಕು ಸಮಿತಿಗೂ ನಡುವಣ ಸೇತುವೆ. ನಮ್ಮಲ್ಲಿ ಬಹುಮಂದಿ ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು. ಊರಿನಲ್ಲಿ ಬ್ಯಾಂಕಿನ ಚೀಟಿಯಾಗಲಿ, ಕಚೇರಿಯ ನೋಟೀಸಾಗಲಿ ಬಂದರೆ ಓದಲು ನಮ್ಮನ್ನೇ ಕರೆಯುತ್ತಾರೆ. ಇಂದು ನಾವು ಅದನ್ನು ಓದುತ್ತೇವೆ, ಅರ್ಥ ಹೇಳಲು ತಡವರಿಸುತ್ತೇವೆ. ತಾಲ್ಲೂಕು ಸಮಿತಿಯವರಿಂದ ಇಪ್ಪತ್ತು ವಿದ್ಯಾರ್ಥಿಗಳಿಗೆ ತರಬೇತಿ ಕೊಡಿಸಿ, ಕಾಲೇಜಿನ ಒಂದು ಕೋಣೆಯಲ್ಲಿ ಸಂತೆಯ ದಿನ ಎರಡು ಗಂಟೆಗಳ ಕಾಲ ಕುಳ್ಳಿರಿಸಿದರೆ ಸಾಕು. ಸಂತೆಗೆ ಬಂದವರು ಕಾಗದ ತೋರಿಸಿಕೊಂಡು ಹೋಗುತ್ತಾರೆ. ಒಂದು ಮೇಜು, ಒಂದು ಬೆಂಚು, ಒಂದು ರಿಜಿಸ್ಟರ್. ಗೋಡೆಯ ಮೇಲೆ ೧೫೧೦೦ ಎಂಬ ಉಚಿತ ಕಾನೂನು ನೆರವಿನ ದೂರವಾಣಿ ಸಂಖ್ಯೆ. ಇದಕ್ಕಿಂತ ಹೆಚ್ಚಿನ ಖರ್ಚಿಲ್ಲ. ರಾಜ್ಯಶಾಸ್ತ್ರದ ತರಗತಿಯಲ್ಲಿ ೩೯ಎ ವಿಧಿಯನ್ನು ಐದು ಅಂಕಗಳ ಪ್ರಶ್ನೆಯಾಗಿ ಓದುವುದಕ್ಕೂ, ಸಂತೆಯ ಚೀಲವನ್ನು ಪಕ್ಕಕ್ಕಿಟ್ಟು ನೋಟೀಸು ಬಿಚ್ಚುವ ಮುದುಕಿಯ ಎದುರಿಗೆ ಕುಳಿತು ಓದುವುದಕ್ಕೂ ಎಷ್ಟು ಅಂತರವೆಂಬುದು ಆಗ ತಿಳಿಯುತ್ತದೆ.

ಈ ಸಲಹೆಯನ್ನು ಮಾನ್ಯ ಪ್ರಾಂಶುಪಾಲರೂ ಅಧ್ಯಾಪಕ ವೃಂದದವರೂ ಪರಿಶೀಲಿಸಬೇಕೆಂದು ಬೇಡುತ್ತೇನೆ. ಇನ್ನು ಮೂರು ತಿಂಗಳಲ್ಲಿ ನಾನು ಈ ಕಾಲೇಜನ್ನು ಬಿಡುವವನು. ಕೋಣೆ ತೆರೆಯುವುದಾದರೆ, ಮೊದಲ ಸಂತೆಯ ದಿನ ಮೇಜಿನ ಬಳಿ ಕುಳಿತುಕೊಳ್ಳಲು ನನ್ನ ಹೆಸರನ್ನು ಈಗಲೇ ಬರೆದುಕೊಳ್ಳಬಹುದು.